ನೀಲವ್ವ ಕಾಕು ನುಡಿದ ಸಾಕ್ಷಿ

ಹಿಡಕಲ್‌ನಲ್ಲಿ ಬಸ್ಸಿಳಿದ ಬೆಳಿಗ್ಗೆ, ಗುರುತು ಪರಿಚಯವಿಲ್ಲದ ಹೆಂಗಸೊಬ್ಬರು ನನ್ನ ಪಾತ್ರೆಯ ಚೀಲವನ್ನು ಕೈಯಿಂದ ಕಿತ್ತುಕೊಂಡು ತಮ್ಮ ತಲೆಗೇರಿಸಿ, "ಆರಾಮ ಅದೀರಿ?" ಎಂದರು. ನಾನು ಕೊಳ್ಳೇಗಾಲದ ಕಡೆಯವಳು. ನಮ್ಮಲ್ಲಿ ಆರಾಮ ಎಂದರೆ ಕೆಲಸವಿಲ್ಲದೆ ಕಾಲು ಚಾಚಿ ಕೂರುವುದು. "ಆರಾಮ ಎಲ್ಲಿ ಬಂತು ತಾಯಿ, ಬಸ್ಸಲ್ಲಿ ಕೂತೂ ಕೂತೂ ಸೊಂಟ ಬಿದ್ದೋಗದೆ" ಎಂದೆ. ಆಕೆ ಗಾಬರಿಯಾಗಿ ಚೀಲ ಇಳಿಸಿ, "ಅಯ್ಯ ಶಿವನ! ದವಾಖಾನಿಗಿ ಹೋಗೂಣೇನ್ರಿ?" ಎಂದರು. ನೀಲವ್ವ ಕಾಕು ನನಗೆ ಸಿಕ್ಕಿದ್ದು ಹೀಗೆ. ಕಾಕು ಎಂದರೆ ಚಿಕ್ಕಮ್ಮ. ನನ್ನ ಗಂಡನಿಗೆ ಅಣೆಕಟ್ಟೆಯ ಗೇಟುಗಳಿಗೆ ಗ್ರೀಸು ಹಚ್ಚುವ ದಿನಗೂಲಿ ಸಿಕ್ಕಿತ್ತು. ನಾನು, ಗಂಡ, ಮಗಳು ಪವಿತ್ರ ಇದ್ದ ಬಾಡಿಗೆ ಮನೆಗೂ ಕಾಕುವಿನ ಮನೆಗೂ ನಡುವೆ ಒಂದೇ ಗೋಡೆ.

ನಿಮಗೆ ಗೊತ್ತಲ್ಲ, ನಮ್ಮೂರಲ್ಲಿ "ಹೆಂಗಿದ್ದೀಯವ್ವ" ಎಂದು ಕೇಳಿದವರನ್ನು ನಾವು ಸುಮ್ಮನೆ ಬಿಡುವುದಿಲ್ಲ. ಮಂಡಿನೋವಿನಿಂದ ಹಿಡಿದು ಹಸುವಿನ ಕೆಚ್ಚಲು ಬಾವಿನವರೆಗೆ ಎಲ್ಲ ಹೇಳಿಯೇ ಕಳಿಸುತ್ತೇವೆ. ಇಲ್ಲಿ ಹಾಗಲ್ಲ. ಜ್ವರ ಇರಲಿ, ಸಾಲವಿರಲಿ, "ಆರಾಮ್ರಿ" ಅನ್ನಬೇಕು. ಆಮೇಲೆ ಚಹಾ ಕುಡಿಯುತ್ತ ಬೇಕಾದರೆ ಅಳಬಹುದು. ನಾನು ಅದನ್ನು ಕಲಿತೆ. ಮುದ್ದೆ ತಿರುವಿ ಬೆಳೆದ ಕೈಗೆ ಜೋಳದ ರೊಟ್ಟಿ ಬಡಿಯುವುದನ್ನೂ ಕಾಕು ಕಲಿಸಿದರು. ಮೊದಲ ಸಲ ಹರಿಯದೆ ಉಬ್ಬಿದ ರೊಟ್ಟಿಯನ್ನು ಅವರು ಓಣಿಯ ಮನೆಮನೆಗೂ ಹೊತ್ತು ತೋರಿಸಿದರು. ನಾಗರತ್ನ ಅನ್ನುವ ನಾನು ಅಂದಿನಿಂದ ನಾಗವ್ವ ಆದೆ. ಎಷ್ಟು ಹೆಮ್ಮೆಪಟ್ಟಿದ್ದೆನೋ!

ಆ ಕೈಗಳೇ ಆಮೇಲೆ ಕೈಕೊಟ್ಟವು. ಬೆಳಿಗ್ಗೆ ಎದ್ದರೆ ಬೆರಳು ಮಡಚುತ್ತಿರಲಿಲ್ಲ, ಮಡಚಿದರೆ ಬಿಚ್ಚುತ್ತಿರಲಿಲ್ಲ. ಎಡಗಿವಿ ಮೊದಲೇ ಮಂದ, ಈಗ ಪೂರ್ತಿ ಮುಚ್ಚಿತು. ಪಾದದ ಗಂಟುಗಳೂ ಊದಿಕೊಂಡವು. ಗೋಕಾಕದ ಡಾಕ್ಟರು ಎಲ್ಲ ನೋಡಿ, "ಒಂದೊಂದ ನೋಡಿದ್ರ ಸಣ್ಣದ ರಿ. ಎಲ್ಲಾ ಕೂಡ್ಸಿದ್ರ ದೊಡ್ಡದ ಆಗತೈತಿ. ಅಂಗವಿಕಲರ ಸರ್ಟಿಫಿಕೇಟ್ ಮಾಡಿಸ್ಕೊಳ್ರಿ, ಪಗಾರ ಬರತೈತಿ" ಎಂದರು. ಪಗಾರ ಎಂದರೆ ಸಂಬಳ. ಸರ್ಕಾರ ಕೊಡುವ ಮಾಸಾಶನಕ್ಕೂ ಇಲ್ಲಿ ಅದೇ ಹೆಸರು. ಅದು ಬಂದರೆ ನನ್ನ ಮದ್ದು ತಪ್ಪುವುದಿಲ್ಲ. ತಪ್ಪಿದರೆ ಬೆರಳು ಕೊಕ್ಕೆಯಂತೆ ಬಾಗಿ ಹಾಗೆಯೇ ನಿಲ್ಲುತ್ತವೆ ಎಂದೂ ಹೇಳಿದ್ದರು. ಗಂಡನಿಗೆ ಕೂಲಿ ಇಲ್ಲದ ತಿಂಗಳಲ್ಲಿ ನಾನು ಮದ್ದು ನಿಲ್ಲಿಸುತ್ತಿದ್ದೆ.

ತಪಾಸಣೆಯ ದಿನ ಕೈ ನೋಡುವವರು ಕಿವಿ ನೋಡಲಿಲ್ಲ, ಕಿವಿ ನೋಡುವವರು ಕಾಲು ನೋಡಲಿಲ್ಲ. ಅಂಗವೈಕಲ್ಯ ನೂರಕ್ಕೆ ನಲವತ್ತು ಆಗಬೇಕು. ಯಾರ ಲೆಕ್ಕದಲ್ಲೂ ನಾನು ಆಗಲಿಲ್ಲ. ಮೂಳೆ ಡಾಕ್ಟರು ತಲೆಯೆತ್ತಿ, "ಆರಾಮ ಅದೀರೇನ್ರಿ?" ಎಂದಾಗ ಹಾಳು ನಾಲಿಗೆ ತಾನಾಗಿ "ಆರಾಮ್ರಿ" ಅಂದುಬಿಟ್ಟಿತು. ಅವರು ನಕ್ಕು, "ಮತ್ತ ಇಲ್ಲಿಗ್ಯಾಕ ಬಂದೀರಿ?" ಎಂದರು. ಎರಡನೇ ಸಲ ಹೋಗಿ, ಎಲ್ಲ ಕೂಡಿಸಿ ನೋಡಿ ಎಂದು ಹಟ ಹಿಡಿದ ಮೇಲೆ ಸರ್ಟಿಫಿಕೇಟ್ ಕೈಗೆ ಬಂತು. ಇನ್ನು ತಲಾಟಿ, ಅಂದರೆ ನಮ್ಮ ಕಡೆಯ ಗ್ರಾಮಲೆಕ್ಕಿಗರು, ಮನೆಗೆ ಬಂದು ವಿಚಾರಿಸಿ ವರದಿ ಕಳಿಸಿದರೆ ಮುಗಿಯಿತು.

ಅವರು ಬಂದಾಗ ನಾನು ಗೋಕಾಕದಲ್ಲಿದ್ದೆ. ಪಕ್ಕದ ಮನೆಯಲ್ಲಿ ಕೇಳಿದರಂತೆ. ಹುಕ್ಕೇರಿಯ ಕಚೇರಿಗೆ ಹೋದಾಗ ಅರ್ಜಿ ತಿರಸ್ಕಾರವಾಗಿತ್ತು. ಅಲ್ಲಿದ್ದ ತಲಾಟಿಯವರನ್ನೇ ಕಾರಣ ಕೇಳಿದೆ. "ನಿಮ್ಮ ಬಾಜೂ ಮನಿ ನೀಲವ್ವ ಆಯಿನ ಹೇಳ್ಯಾರ್ರಿ," ಎಂದರು. "'ನಮ್ಮ ನಾಗವ್ವಗ ಏನೂ ಆಗಿಲ್ಲ, ಅಗದಿ ಆರಾಮ ಅದಾಳ, ದಿನಾ ರೊಟ್ಟಿ ಬಡೀತಾಳ' ಅಂದ್ರು. ನಾ ಏನ್ ಬರೀಲಿ?"

ನನ್ನ ಮನೆಯ ರೊಟ್ಟಿ! ಬೆರಳು ಏಳದ ದಿನಗಳಲ್ಲಿ ಅದನ್ನು ಬಡಿಯುತ್ತಿದ್ದವರು ಕಾಕುವೇ. ನನ್ನ ಜಡೆ ಹೆಣೆದವರು, ರವಿಕೆಯ ಗುಂಡಿ ಹಾಕಿದವರು ಅವರೇ. ಗೊತ್ತಿಲ್ಲದವರು ಅಂದಿದ್ದರೆ ಇಷ್ಟು ಉರಿಯುತ್ತಿರಲಿಲ್ಲ. ನಂಬಿ ಕೆಟ್ಟೆ ಅನ್ನುವ ಮಾತಿನ ರುಚಿ ಆವತ್ತು ಬಸ್ಸಿನಲ್ಲಿ ಬಾಯ್ತುಂಬ ಇತ್ತು.

ಮನೆಗೆ ಬಂದವಳೇ, ನಮ್ಮ ಕಟ್ಟೆಯ ಮೇಲೆ ಕೂತಿದ್ದ ಕಾಕುವನ್ನು ಕೇಳಿದೆ. ಅವರು ಮುಖ ತಪ್ಪಿಸಲಿಲ್ಲ. "ಪವಿತ್ರಾನ ನೋಡಾಕ ಮೂಡಲಗಿಯವ್ರು ಬರಾಕತ್ತಾರ. ನಾನ ತಂದ ಸಂಬಂಧ. ಅವ್ವಗ ಕೈಕಾಲ ಸಂದು ಹಿಡದೈತಿ ಅಂದ್ರ ನಾಳೆ ಮಗಳಿಗೂ ಹಿಡೀತೈತಿ ಅಂತಾರ. ತಲಾಟಿ ಮುಂದ ಅಂದ್ರ ಊರ ಮುಂದ ಅಂದಂಗ. ಪಗಾರ ಇವತ್ತಿಲ್ಲಂದ್ರ ನಾಳೆ ಬರತೈತಿ, ಹೋದ ಸಂಬಂಧ ತಿರಗಿ ಬರತೈತೇನ?"

"ನನ್ನ ಕೈ ತಿರುಗಿ ಬರತೈತೇನ ಕಾಕು?"

ಕಾಕು ಎದ್ದು ಬಂದು ನನ್ನ ಹಿಟ್ಟಿನ ಡಬ್ಬಿ ತೆಗೆದು ರೊಟ್ಟಿ ಬಡಿಯಲು ಕೂತರು. ಒಳಗಿಂದ ಎಲ್ಲ ಕೇಳಿದ್ದ ಮಗಳು ನನ್ನ ಪಕ್ಕ ಬಂದು, "ನಿನ್ನನ್ನು ಮುಚ್ಚಿಟ್ಟು ನನಗೆ ಮದುವೆ ಬೇಡಮ್ಮ" ಎಂದಳು.

ಮೂಡಲಗಿಯವರು ಬಂದರು. ಕಾಕುವೇ ಮುಂದೆ ನಿಂತು ಅವರನ್ನು ಕೂರಿಸಿ ತಾವೂ ಜೊತೆಗೆ ಕೂತರು. ಅವರೂ ನಮ್ಮ ಹಾಗೆ ಲಿಂಗವಂತರು. ಕಟ್ಟುಪಾಡಿನಲ್ಲಿ ನಮಗೂ ಅವರಿಗೂ ಹೆಚ್ಚು ವ್ಯತ್ಯಾಸವಿಲ್ಲ. ಅವಲಕ್ಕಿ, ಚಹಾ ಎಲ್ಲ ಪವಿತ್ರಳೇ ತಂದಿಟ್ಟಳು. ಹುಡುಗನ ತಾಯಿ ನನ್ನ ಕಡೆ ತಿರುಗಿ ನಗುತ್ತ, "ಆರಾಮ ಅದೀರಿ?" ಎಂದರು. ನಾನು ಸೆರಗಿನೊಳಗಿದ್ದ ಕೈಗಳನ್ನು ಹೊರಗೆ ತೆಗೆದು ತೊಡೆಯ ಮೇಲಿಟ್ಟೆ. ಮಗಳನ್ನೊಮ್ಮೆ ನೋಡಿದೆ. ಅವಳು ತಲೆಯಾಡಿಸಿದಳು.

"ಇಲ್ರಿ," ಎಂದೆ. "ಆರಾಮ ಇಲ್ಲ. ಕೈಯೂ ಇಲ್ಲ, ಕಿವೀನೂ ಇಲ್ಲ."

ಹುಡುಗನ ತಾಯಿ ಚಹಾದ ಬಟ್ಟಲು ಕೆಳಗಿಟ್ಟು ನನ್ನ ಬೆರಳುಗಳನ್ನು ನೋಡಿದರು. ನನ್ನ ಚೀಲ ಹೊತ್ತು ಈ ಓಣಿಗೆ ಕರೆತಂದವರು, ನನಗೆ ಹೆಸರಿಟ್ಟವರು, ಗಟ್ಟಿಯಾಗಿ ನಕ್ಕುಬಿಟ್ಟರು.

"ಮನಸಿಗಿ ಹಚ್ಕೋಬ್ಯಾಡ್ರಿ," ಎಂದರು ನೀಲವ್ವ ಕಾಕು. "ಅಕಿ ಕೊಳ್ಳೇಗಾಲದ ಕಡಿಯಾಕಿ. ನಮ್ಮ ಮಾತು ಇನ್ನಾ ಬರಂಗಿಲ್ಲ ಅಕಿಗಿ."