ಐದು ಹಾಡು ಹೋದ ಬೆಳಿಗ್ಗೆ

ಬೆಂಗಳೂರಿನದಲ್ಲ, ನಮ್ಮೂರಿನ ಸದಾಶಿವನಗರದಲ್ಲಿ ನನ್ನ ಗೆಳೆಯನ ಮನೆಯ ಮಹಡಿ ಕೋಣೆ. ಬಾಗಿಲಿನಿಂದ ಎರಡು ಹೆಜ್ಜೆ ಒಳಗೆ, ಎಡಗೋಡೆಗೆ ಬೆನ್ನು ಕೊಟ್ಟು ನಿಂತಿದ್ದೆ. ಆಯುಧಪೂಜೆಯ ದಿನ, ಬೆಳಿಗ್ಗೆ ಹನ್ನೊಂದು ದಾಟಿತ್ತು. ನನ್ನ ಕೈಯಲ್ಲಿ ಪೂಜೆಯ ಗಂಟೆ ಇತ್ತು.

ನಮ್ಮದು ನಾಲ್ಕು ಜನರ ಬ್ಯಾಂಡು. ಗೆಳೆಯ ಗಿಟಾರ್ ನುಡಿಸುತ್ತಿದ್ದ, ರೆಕಾರ್ಡಿಂಗನ್ನೂ ಅವನೇ ನೋಡಿಕೊಳ್ಳುತ್ತಿದ್ದ. ನನ್ನದು ಕೀಬೋರ್ಡು. ಗುಬ್ಬಿಯಿಂದ ಬರುತ್ತಿದ್ದ ಮೇಷ್ಟ್ರು ಹಿಂದೆ ನಾಟಕಗಳಿಗೆ ಪಿಟೀಲು ನುಡಿಸಿದವರು. ಒಂದೇ ಹಾಡಿಗೆ ನಾಲ್ಕು ಸಲ ಬೇರೆ ಬೇರೆಯಾಗಿ ನುಡಿಸುತ್ತಿದ್ದರು. ಕೂಡಿಸಿ ಕೇಳಿದರೆ ಒಂದು ದೊಡ್ಡ ಮೇಳವೇ ಕೂತಂತಿರುತ್ತಿತ್ತು. ಅದರ ಮೇಲೆ ಕುಣಿಗಲ್‌ನಿಂದ ಬರುತ್ತಿದ್ದ ಗಾಯಕಿಯ ಮೆಲುದನಿ. ಹೀಗೆ ಎಂಟು ಹಾಡುಗಳ ಒಂದು ಆಲ್ಬಮ್ ಮಾಡಲು ಹೊರಟಿದ್ದೆವು.

ಅವಳ ಗಂಟಲಲ್ಲಿ ಗಡ್ಡೆ ಕಾಣಿಸಿತ್ತು. ಸೋಮವಾರ ಆಪರೇಷನ್ ಇತ್ತು. ಮಾತು ಬರುತ್ತದೆ, ಹಾಡಿಗೆ ಭರವಸೆ ಕೊಡಲಾರೆ ಎಂದಿದ್ದರು ಡಾಕ್ಟರು. ಅದಕ್ಕೇ ಅವಸರಪಟ್ಟು ಎಂಟೂ ಹಾಡುಗಳನ್ನು ಹಾಡಿ ಮುಗಿಸಿದ್ದಳು. ಎಲ್ಲವೂ ಇದ್ದದ್ದು ಒಂದೇ ಹಾರ್ಡ್ ಡಿಸ್ಕಿನಲ್ಲಿ. ಇನ್ನೊಂದಕ್ಕೆ ಕಾಪಿ ಮಾಡಲು ಗೆಳೆಯ ಆ ಬೆಳಿಗ್ಗೆಯಷ್ಟೇ ಹಚ್ಚಿದ್ದ.

ಪೂಜೆಗೆ ಮೇಜಿನ ಮೇಲೆ ಗಿಟಾರು, ಪಿಟೀಲು, ಮೈಕುಗಳನ್ನು ಜೋಡಿಸಿದೆವು. ಹಾಡಿರುವುದು ಅದರಲ್ಲೇ ಅಲ್ಲವೇ ಎಂದು ಡಿಸ್ಕನ್ನೂ ವೈರ್ ಸಮೇತ ನಡುವೆ ಇಟ್ಟು, ವಿಭೂತಿ ಹಚ್ಚಿ, ಸೇವಂತಿಗೆ ಏರಿಸಿದ ಗೆಳೆಯ.

"ಕಾಯಿ ಒಡೆಯಕ್ಕೂ ನಾನೇ ಬೇಕೇನ್ರಲಾ?" ಎಂದರು ಮೇಷ್ಟ್ರು.

"ನೀವು ಒಡೆದ್ರೆ ಕಾಯಿನೂ ಶ್ರುತಿ ತಪ್ಪಲ್ಲ ಬುಡಿ ಮೇಷ್ಟ್ರೇ," ಎಂದಳು ಅವಳು. ಎಲ್ಲರೂ ನಕ್ಕೆವು.

ಅವರು ಎಡಗೈಯಲ್ಲಿ ಕಾಯಿ, ಬಲಗೈಯಲ್ಲಿ ಮಚ್ಚು ಹಿಡಿದು ಮೇಜಿನ ಹತ್ತಿರಕ್ಕೆ ಬಂದರು. ಕೆಳಗೆ ಪಾತ್ರೆ ಇಟ್ಟಿರಲಿಲ್ಲ. ಹೂವಿನ ಸಂದಿಯಲ್ಲಿ ಡಿಸ್ಕಿನ ನೀಲಿ ದೀಪ ಮಿನುಗುತ್ತಿದ್ದುದನ್ನು ನಾನು ನೋಡಿದೆ. ಕಾಪಿ ಇನ್ನೂ ಮುಗಿದಿರಲಿಲ್ಲ. ನಿಲ್ಲಿಸಿ ಎನ್ನಬೇಕಿತ್ತು. ಆದರೆ ನಮ್ಮ ಕಡೆ ಕಾಯಿ ಎತ್ತಿದ ಮೇಲೆ ಬೇಡ, ನಿಲ್ಲಿಸು ಎಂಬ ಮಾತು ಆಡಬಾರದು, ಅಪಶಕುನ. ಅದರಲ್ಲೂ ಆಪರೇಷನ್ನಿಗೆ ಹೋಗುವವಳ ಎದುರು. ಬಾಯಿಗೆ ಬಂದ ಮಾತನ್ನು ನುಂಗಿ ಗಂಟೆ ಬಾರಿಸಿದೆ.

ಎರಡನೇ ಏಟಿಗೆ ಕಾಯಿ ಹೋಳಾಯಿತು. ನೀರೆಲ್ಲ ಡಿಸ್ಕಿನ ಮೇಲೆ ಸುರಿಯಿತು. ದೀಪ ಆರಿತು.

ಗೆಳೆಯ ಪಂಚೆಯ ತುದಿಯಿಂದ ಒರೆಸಿದ, ಕಿವಿಗೆ ಹಿಡಿದ. "ತಿರುಗ್ತಾನೇ ಇಲ್ಲ ಕಣೋ," ಎಂದ. ಅಕ್ಕಿ ಡಬ್ಬಿಯಲ್ಲಿ ಹೂತಿಟ್ಟೆವು. ಮರುದಿನ ಬೆಂಗಳೂರಿಗೆ ಒಯ್ದೆವು. ಅಲ್ಲಿಯ ರಿಪೇರಿಯವರು ಕೈಚೆಲ್ಲಿದರು. ಕಾಪಿಯಾಗಿದ್ದವು ಮೂರೇ ಹಾಡು.

ಪೂಜೆಯ ದಿನ ಮಧ್ಯಾಹ್ನವೇ ಅವಳು ಮತ್ತೆ ಮೈಕಿನ ಮುಂದೆ ನಿಂತಿದ್ದಳು. ಪೂಜೆಗಿಟ್ಟ ಸಾಮಾನನ್ನು ಆವತ್ತು ಮುಟ್ಟಬಾರದು ಎಂಬುದು ಯಾರಿಗೂ ನೆನಪಾಗಲಿಲ್ಲ. ಎರಡನೇ ಸಾಲಿಗೆ ಕೆಮ್ಮು ಬಂತು. "ಇನ್ನೊಂದ್ಸಲ," ಎಂದಳು. ದನಿ ಮೇಲೇರುವಲ್ಲಿ ಒಡೆಯಿತು. ನೀರು ಕುಡಿದು ಮತ್ತೆ "ಇನ್ನೊಂದ್ಸಲ" ಎಂದಳು. ನಾಲ್ಕನೆಯ ಸಲ ದನಿಯೇ ಹೊರಡಲಿಲ್ಲ. ಮೇಷ್ಟ್ರು ಪಿಟೀಲು ಕೆಳಗಿಟ್ಟರು.

"ಸಾಕು ಬುಡು ಕಣಮ್ಮ."

"ಸಾಕು ಅಂದ್ರೆ ಹೆಂಗೆ ಮೇಷ್ಟ್ರೇ? ಸೋಮವಾರ ಆದ್ಮೇಲೆ ಯಾವ ಗಂಟ್ಲಲ್ಲಿ ಹಾಡ್ಲಿ ನಾನು?"

ನಾನು ಕೀಬೋರ್ಡಿನ ಮೇಲೆ ಬೆರಳಿಟ್ಟುಕೊಂಡು ಕೂತೇ ಇದ್ದೆ.

ಆಪರೇಷನ್ ಸುಸೂತ್ರವಾಯಿತು. ಅವಳು ಈಗ ಮಾತಾಡುತ್ತಾಳೆ, ಗೊಗ್ಗರು ದನಿಯಲ್ಲಿ. ಹಾಡುವುದಿಲ್ಲ. ಮೂರು ಹಾಡುಗಳನ್ನೇ ಆಲ್ಬಮ್ ಎಂದು ಇಂಟರ್‌ನೆಟ್ಟಿಗೆ ಹಾಕಿದೆವು. ತಮ್ಮ ಕೈಯಿಂದಲೇ ಹೋಯಿತೆಂದು ಮೇಷ್ಟ್ರು ಮತ್ತೆ ಆ ಮೆಟ್ಟಿಲು ಹತ್ತಲಿಲ್ಲ. ದೀಪ ಮಿನುಗುತ್ತಿದ್ದುದನ್ನು ನಾನು ಕಂಡಿದ್ದೆ ಎಂದು ಅವರಿಗೆ ಹೇಳಬೇಕಿತ್ತು. ಹೇಳಲಿಲ್ಲ.

ಮೇಷ್ಟ್ರು ಹೋದ ವರ್ಷ ತೀರಿಕೊಂಡರು. ಕಾಯಿ ಒಡೆದದ್ದನ್ನು ಕಂಡವರಲ್ಲಿ ನನ್ನನ್ನು ಬಿಟ್ಟರೆ ಈಗ ಉಳಿದಿರುವವರು ಇಬ್ಬರು: ಸದಾಶಿವನಗರದ ಗೆಳೆಯ, ಕುಣಿಗಲ್‌ನಲ್ಲಿ ಅವಳು. ಅವರಿಗೂ ನಾನಿನ್ನೂ ಹೇಳಿಲ್ಲ.