ಮೋಸವಾ, ಸೋಲಾ?

ನಿಮ್ಮ ಮನೆಯಲ್ಲೂ ಹೀಗಾಗಿದೆಯಾ? ಆಟದಲ್ಲಿ ಸೋತ ಮಗು ಗೋಡೆಗೆ ತಲೆ ಚಚ್ಚಿಕೊಂಡು, ಬೀದಿಯೆಲ್ಲ ಕೇಳುವ ಹಾಗೆ ಕಿರುಚಿದ್ದು? ನನ್ನ ಮಗಳಿಗೆ ಆಟಿಸಂ ಇದೆ. ಸುತ್ತಿಬಳಸಿ ಹೇಳುವ ಅಭ್ಯಾಸ ನನಗಿಲ್ಲ. ಸೋಲು, ಅನ್ಯಾಯ, ಹೇಳಿದ ಮಾತು ತಪ್ಪುವುದು, ಈ ಮೂರೂ ಅವಳಿಗೆ ಬೆಂಕಿ ತಗುಲಿದ ಹಾಗೆ.

ಎದುರುಮನೆ ಅಜ್ಜಿಯ ಬೆರಳುಗಳು ಸಂಧಿವಾತದಿಂದ ಸೊಟ್ಟಗಾಗಿ ಶುಂಠಿ ಕೊಂಬಿನ ಹಾಗಿದ್ದವು. ಬಳಪ ಹಿಡಿಯಲೂ ಕಷ್ಟ. ಆದರೆ ಅದೇ ಕೈಯಲ್ಲಿ ಕವಡೆ ಕುಲುಕಿದರೆ ನಮ್ಮ ಅಡುಗೆಮನೆಗೆ ಸದ್ದು ಕೇಳುತ್ತಿತ್ತು. ಚಾಮರಾಜಪೇಟೆಯ ನಮ್ಮ ಕ್ರಾಸ್‌ನಲ್ಲಿ ಕೆಂಪು ಜಗುಲಿ ಉಳಿದಿದ್ದು ಅವರ ಮನೆಗೆ ಮಾತ್ರ. ಆ ಜಗುಲಿಯ ಮೇಲೆ ಬಳಪದಲ್ಲಿ ಬರೆದ ಚೌಕಾಬಾರದ ಮನೆ ಯಾವಾಗಲೂ ಇರುತ್ತಿತ್ತು.

ಒಂದು ಸಂಜೆ ನನ್ನ ಗಂಡ ಮಗಳ ಜೊತೆ ಹೊಸಿಲ ಮುಂದೆ ಕೂತು ಅದೇ ಆಟ ಆಡುತ್ತಿದ್ದರು. ಅಜ್ಜಿ ತಮ್ಮ ಜಗುಲಿಯಿಂದಲೇ ಕೂಗಿದರು.

“ಏನಯ್ಯಾ, ಬೇಕಂತ್ಲೇ ಸೋಲ್ತಿದೀಯಾ?”

“ಇಲ್ದಿದ್ರೆ ಅಳ್ತಾಳಲ್ಲ ಅಜ್ಜಿ.”

“ಅಳ್ಲಿ. ನಾಳೆ ಊರೋರೆಲ್ಲ ಇವಳಿಗೋಸ್ಕರ ಸೋಲ್ತಾರಾ? ಕಳಿಸು ಈ ಕಡೆ.”

ಅಜ್ಜಿಗೆ ಆಟದಲ್ಲಿ ಕರುಣೆ ಅನ್ನುವುದೇ ಇರಲಿಲ್ಲ. ಮೊದಲ ದಿನವೇ ಮಗಳ ಕಾಯಿ ಕಡಿದು ಹಿಂದಕ್ಕೆ ಕಳಿಸಿದರು. ಮಗಳು ಕವಡೆಗಳನ್ನು ರಸ್ತೆಗೆಸೆದು ನೆಲಕ್ಕೆ ಬಿದ್ದು ಹೊರಳಾಡಿದಳು. ಅಜ್ಜಿ ಬೈಯಲೂ ಇಲ್ಲ, ಮುದ್ದು ಮಾಡಲೂ ಇಲ್ಲ. ಕೂತೇ ಇದ್ದರು. ಅಳು ಇಳಿದ ಮೇಲೆ ಒಂದೇ ಪ್ರಶ್ನೆ.

“ಈಗ ಹೇಳು ಪುಟ್ಟಿ. ಮೋಸವಾ, ಸೋಲಾ?”

ಮಗಳು ಕಣ್ಣು ಮಿಟುಕಿಸಿದಳು.

“ನಾನು ಕವಡೆ ತಿರುಗಿಸಿಟ್ಟಿದ್ರೆ ಮೋಸ. ಆಗ ನನ್ನ ಜುಟ್ಟು ಹಿಡ್ದು ಕೇಳು. ತಾನಾಗೇ ಬಿದ್ದಿದ್ರೆ ಸೋಲು. ಕವಡೆಗೆ ಕಣ್ಣಿಲ್ಲ ಕಣೇ. ನಿನ್ನ ಮುಖ ನೋಡ್ಕೊಂಡು ಬೀಳಲ್ಲ ಅದು.”

“ಸೋಲು” ಎಂಬ ಪದ ಮಗಳ ಬಾಯಿಂದ ಬರಲು ಒಂದು ಮಳೆಗಾಲ ಪೂರ್ತಿ ಬೇಕಾಯಿತು. ಬಂದ ದಿನ ಅಜ್ಜಿ ಚಪ್ಪಾಳೆ ತಟ್ಟಲಿಲ್ಲ. “ಸರಿ, ಆಡು” ಎಂದರು, ಅಷ್ಟೇ.

ಆಮೇಲೊಂದು ಶನಿವಾರ ದೇವಸ್ಥಾನದಲ್ಲಿ ಪುಳಿಯೋಗರೆಗೆ ಸಾಲು. ಮಗಳು ಕೈಕಟ್ಟಿಕೊಂಡು ನಿಯತ್ತಾಗಿ ನಿಂತಿದ್ದಳು. ಇನ್ನೇನು ಅವಳ ಸರದಿ ಅನ್ನುವಾಗ ಇಬ್ಬರು ಹೆಂಗಸರು ಪಕ್ಕದಿಂದ ನುಗ್ಗಿದರು. ಕೊಳಗ ಖಾಲಿ. ಮಗಳ ಕಿರುಚಾಟಕ್ಕೆ ಪ್ರಾಕಾರವೆಲ್ಲ ತಿರುಗಿ ನೋಡಿತು.

“ಒಂದು ಹಿಡಿ ಅನ್ನಕ್ಕೆ ಇಷ್ಟೊಂದಾ? ಎರಡು ಬಿಡೀಮ್ಮ, ಸರಿಹೋಗ್ತಾಳೆ” ಎಂದರು ಒಬ್ಬ ಹಿರಿಯರು.

ನಾನು ಅವಮಾನದಲ್ಲಿ “ಹೋಗ್ಲಿ ಬಿಡು, ಮನೇಲಿ ಮಾಡ್ಕೊಡ್ತೀನಿ” ಎಂದೆ. ಅವಳು ಇನ್ನೂ ಜೋರಾಗಿ ಕೂಗಿದಳು. ನಮ್ಮ ಜೊತೆ ಬಂದಿದ್ದ ಅಜ್ಜಿ ಮಂಡಿ ಹಿಡಿದುಕೊಂಡು ಅವಳ ಪಕ್ಕದಲ್ಲಿ ನೆಲಕ್ಕೇ ಕೂತರು.

“ಮೋಸವಾ, ಸೋಲಾ?”

“ಮೋಸ. ಅವ್ರು ನುಗ್ಗಿದ್ರು.”

“ಹೌದು, ಮೋಸವೇ. ನಾನೂ ನೋಡ್ದೆ.”

“ನೀವೂ ನೋಡಿದ್ರಾ?”

“ನೋಡ್ದೆ.”

ಪುಳಿಯೋಗರೆ ಸಿಗಲಿಲ್ಲ. ನುಗ್ಗಿದವರು ತಿನ್ನುತ್ತಾ ಹೋದರು. ಮಗಳು ಬಿಕ್ಕುತ್ತಲೇ ಅಜ್ಜಿಯ ಸೊಟ್ಟ ಬೆರಳು ಹಿಡಿದು ಮನೆಗೆ ನಡೆದಳು. ದಾರಿಯಲ್ಲಿ ಅಜ್ಜಿ ನನಗೆ ಹೇಳಿದ್ದು ಇಷ್ಟು: “ಹೋಗಿದ್ದು ಅವಳದ್ದು. ‘ಬಿಡು’ ಅನ್ನೋಕೆ ನೀನ್ಯಾರಮ್ಮ?”

ಈ ಸಲದ ಚಳಿಗಾಲದಲ್ಲಿ ಮಗಳು ಮೊದಲ ಸಲ ನಿಜವಾಗಿ ಗೆಲ್ಲುವ ಹಂತಕ್ಕೆ ಬಂದಿದ್ದಳು. ಕೊನೆಯ ಕಾಯಿ ಹಣ್ಣಾಗಲು, ಅಂದರೆ ನಡುಮನೆ ಸೇರಲು, ಒಂದೇ ಹೆಜ್ಜೆ. ಅಷ್ಟರಲ್ಲಿ ಅಜ್ಜಿ ಎದ್ದರು. “ದೀಪ ಹಚ್ಚೋ ಹೊತ್ತಾಯ್ತು. ಹೀಗೇ ಇರ್ಲಿ, ಯಾರೂ ಮುಟ್ಬೇಡಿ. ನಾಳೆ ನಿನ್ನ ಸರದಿ.”

ಬೆಳಗಿನ ಜಾವ ನಿದ್ದೆಯಲ್ಲೇ ತೀರಿಕೊಂಡರು.

ಶವ ಎತ್ತಿದ ಮೇಲೆ ಮನೆ ತೊಳೆಯುವುದು ವಾಡಿಕೆ. ನೆಂಟರು ಕೊಡಗಟ್ಟಲೆ ನೀರು ಸುರಿದರು. ಆ ಹೊತ್ತಿನಲ್ಲಿ ಬಳಪದ ಗೆರೆ ಯಾರ ಕಣ್ಣಿಗೆ ಬಿದ್ದೀತು? ಕಾಯಿಗಳಾಗಿದ್ದ ಅಜ್ಜಿಯ ಹುಣಸೆಬೀಜ, ಮಗಳ ಬಳೆಚೂರು, ಎಲ್ಲ ಮೋರಿಗೆ ಹೋದವು. ಮಗಳು ನಮ್ಮ ಗೇಟಿನಲ್ಲಿ ನಿಂತು ನೋಡುತ್ತಿದ್ದಳು. ನಾನು ಕಿರುಚಾಟಕ್ಕೆ ಕಾಯುತ್ತಾ ಅವಳ ಹಿಂದೆ ನಿಂತಿದ್ದೆ. ಕಿರುಚಾಟ ಬರಲೇ ಇಲ್ಲ. ತಿರುಗಿ ಕೇಳಿದಳು.

“ಅಮ್ಮ, ಇದು ಮೋಸವಾ, ಸೋಲಾ?”

“ಹೋಗ್ಲಿ ಬಿಡು” ಎಂಬುದು ನಾಲಗೆ ತುದಿಗೆ ಬಂತು. ನುಂಗಿದೆ.

ಅಜ್ಜಿಯ ಸೊಸೆ ಕವಡೆಗಳನ್ನು ಇವಳಿಗೇ ಕೊಟ್ಟರು. ಈಗ ದಿನಾ ಸಂಜೆ ನಮ್ಮ ಹೊಸಿಲ ಮುಂದೆ ಚೌಕಾಬಾರದ ಮನೆ ಬರೆಯುತ್ತಾಳೆ. ಕಾಯಿಯನ್ನು ಅವತ್ತಿನ ಹಾಗೇ ನಡುಮನೆಗೆ ಒಂದು ಹೆಜ್ಜೆ ಹಿಂದೆ ಇಡುತ್ತಾಳೆ. ಕವಡೆ ಹಾಕುವುದಿಲ್ಲ. ಎದುರಿಗೆ ಕೂರಲು ಹೋದ ಅಪ್ಪನನ್ನು ತಳ್ಳಿದಳು. “ನಿನ್ನ ಸರದಿ ತಾನೇ, ಹಾಕು ಪುಟ್ಟಿ” ಎಂದು ನಾನು ಅಂಗಲಾಚಿದೆ.

“ಅಜ್ಜಿ ನೋಡ್ದೆ ಇದ್ರೆ ಲೆಕ್ಕಕ್ಕಿಲ್ಲ” ಎಂದಳು.

ಶಾಲೆಯಲ್ಲಿ ಟೀಚರ್ ಖುಷಿಯಾಗಿದ್ದಾರೆ. “ಈಗ ಎಷ್ಟು ಸುಧಾರಿಸಿದಾಳೆ, ಹಠವೇ ಇಲ್ಲ” ಎನ್ನುತ್ತಾರೆ. ಸುಧಾರಿಸಿಲ್ಲ. ಏನನ್ನೂ ಕೇಳುವುದನ್ನೇ ಬಿಟ್ಟಿದ್ದಾಳೆ. ಆ ಕಿರುಚಾಟವೇ ವಾಪಸ್ ಬರಲಿ ಎಂದು ನಾನು ಹರಕೆ ಹೊರುವ ಸ್ಥಿತಿಗೆ ಬಂದಿದ್ದೇನೆ.

ಇಂಥ ಮಕ್ಕಳನ್ನು ಸಾಕಿದವರು ಓದುತ್ತಿದ್ದರೆ ಕೆಳಗೆ ಬರೆಯಿರಿ. ನಿಮ್ಮ ಮಗು ‘ಇದು ಮೋಸವಾ, ಸೋಲಾ?’ ಎಂದು ಕೇಳಿದಾಗ ನೀವು ಏನು ಹೇಳಿದಿರಿ? ಏನೂ ಹೇಳಲಾಗದಿದ್ದರೆ ಅದನ್ನೇ ಬರೆಯಿರಿ. ಹೋಗ್ಲಿ ಬಿಡಿ ಅಂತ ಮಾತ್ರ ಬರೆಯಬೇಡಿ.