ಚಾಚಾರ ಎತ್ತಿನ ಬರೆ

ಮೊನ್ನೆ ಒಲೆಯ ಕಿಡಿ ಹಾರಿ ಕಂಬಳಿಯ ಅಂಚು ಸುಟ್ಟಿತು. ಉಜ್ಜಿ ಆರಿಸಿದೆ, ವಾಸನೆ ಮಾತ್ರ ಹೋಗಲಿಲ್ಲ. ಕೂದಲು, ಚರ್ಮ ಸುಟ್ಟಾಗಲೂ ಹೀಗೆಯೇ ನಾರುತ್ತದೆ... ನೆರೆಮನೆಯ ಚಾಚಾ ನೆನಪಾದರು.

ನಿಜಾಮನ ಕಾಲ. ನಾನು ಯಲಬುರ್ಗಾ ಕಡೆಯ ಹಳ್ಳಿಗೆ ಸೊಸೆಯಾಗಿ ಬಂದ ಹೊಸದು. ಚಾಚಾ ಕೊಪ್ಪಳದ ಸ್ಟೇಷನ್ನಿಗೆ ಹತ್ತಿ ಹೇರಿಕೊಂಡು ಗಾಡಿ ಹೊಡೆಯುತ್ತಿದ್ದರು. ಜೋಡಿಯಲ್ಲಿ ಒಂದು ಎತ್ತಿನ ಹೆಗಲು ಬಾತಿತು. ಎಲ್ಲರೂ ಮಾಡುವ ಮದ್ದನ್ನೇ ಅವರೂ ಮಾಡಿದರು, ಕುಡಗೋಲು ಕಾಸಿ ಬರೆ ಎಳೆಸಿದರು. ಎತ್ತು ಒರಲಿತು. ಚಾಚಾ ಅದರ ಕೊರಳು ತಬ್ಬಿ ಕಣ್ಣು ಮುಚ್ಚಿಕೊಂಡಿದ್ದರು.

ಮರುದಿನ ನಾನು ರೊಟ್ಟಿ ಬಡಿಯುತ್ತಿದ್ದಾಗ ಚಾಚಿ ಓಡಿ ಬಂದು ಅತ್ತೆಯ ಕೈ ಹಿಡಿದರು. "ನಮ್ಮನಿಯವರ್ನ ಪೊಲೀಸ್ ಅಮೀನರು ಹಿಡಕೊಂಡು ಹೋದ್ರು, ಅಕ್ಕಾರ!"

ಎತ್ತನ್ನು ನೀರಿಗೆ ಒಯ್ಯುವಾಗ ಹೊಸ ಅಮೀನರು ಹಸಿ ಬರೆ ನೋಡಿದ್ದರಂತೆ. ಮೂಕಪ್ರಾಣಿಗೆ ಹಿಂಸೆ ಕೊಡುವುದು ಗುನ್ಹೆ, ದಂಡ ಇಲ್ಲವೇ ಜೈಲು, ಎಂದರಂತೆ. ಕಳವಿಗೆ ಜೈಲು ಕೇಳಿದ್ದೆವು. ಮದ್ದಿಗೆ ಜೈಲು ಕೇಳಿರಲಿಲ್ಲ.

ಅತ್ತೆ ಚಾವಡಿಗೇ ಹೋದರು. "ಕಾಮಾಲಿಗೆ ನಮ್ಮವ್ವ ನನ್ನ ತೋಳಿಗೂ ಬರಿ ಹಾಕ್ಯಾಳ್ರಿ. ಆಕಿನ್ನೂ ಹಿಡೀರಿ, ಸತ್ತು ಭಾಳ ದಿನಾತು" ಎಂದರಂತೆ. ಅಮೀನರು ನಕ್ಕರು, ಆದರೆ ಚಾಚಾರನ್ನು ಬಿಡಲಿಲ್ಲ. ಜಪ್ತಿ ಮಾಡಿದ್ದ ಎತ್ತನ್ನು ನಮ್ಮ ಕೊಟ್ಟಿಗೆಯಲ್ಲಿ ಕಟ್ಟಲು ಮಾತ್ರ ಒಪ್ಪಿದರು. ಅದು ಸತ್ತರೆ ಶಿಕ್ಷೆ ಇನ್ನೂ ಹೆಚ್ಚು ಎಂದೂ ಹೇಳಿ ಕಳಿಸಿದರು.

ಎತ್ತು ನೀರು ಮುಟ್ಟಲಿಲ್ಲ. ಹೊತ್ತು ಇಳಿಯುತ್ತಾ ಬಂತು. ಚಾಚಾ ನೀರು ಕುಡಿಸುವಾಗ ಸಣ್ಣಗೆ ಸಿಳ್ಳು ಹಾಕುತ್ತಿದ್ದದ್ದು ಗೋಡೆಯಾಚೆಯಿಂದ ದಿನಾ ಕೇಳುತ್ತಿತ್ತು. ಚಾಚಿ ಪ್ರಯತ್ನಿಸಿದರು, ತುಟಿ ನಡುಗಿ ಬರೀ ಗಾಳಿ ಬಂತು. ನನಗೆ ಸಿಳ್ಳು ಬರುತ್ತಿತ್ತು, ಆದರೆ ಅತ್ತೆಯ ಮುಂದೆ ಹೇಗೆ? ನಾನು ತುಟಿ ಕೂಡಿಸಿದ್ದನ್ನು ಅವರೇ ನೋಡಿಬಿಟ್ಟರು.

"ಸೊಸಿ ಸಿಳ್ಳು ಹೊಡೀತಾಳಂದ್ರ ಓಣ್ಯಾಗ ನಮ್ಮ ಮಾನ ಹೊಕ್ಕೈತಿ. ತಡಿ, ಬಾಗ್ಲಾ ಹಾಕ್ತೀನಿ... ಹೂಂ, ಈಗ ಹೊಡಿ."

ಶಿವಾ ಎಂದು ಒಳಗೇ ಬೇಡಿಕೊಂಡು ಹೊಡೆದೆ. ಎತ್ತು ಕಿವಿ ನಿಗುರಿಸಿತು. ಸುಮಾರು ಹೊತ್ತಿನ ಮೇಲೆ ಅದರ ಮೂತಿ ನೀರಿಗೆ ಇಳಿಯಿತು. ಚಾಚಿ ಅಲ್ಲೇ ಕುಸಿದು ಕೂತು ಅತ್ತರು.

ಎತ್ತು ಉಳಿಯಿತು. ಕೆಲವು ದಿನ ಒಳಗಿಟ್ಟು ಚಾಚಾರನ್ನೂ ಬಿಟ್ಟರು. ಬಂದವರೇ ಬರೆಯ ಮೇಲೆ ಅಂಗೈ ಇಟ್ಟು, "ಭಾಳ ಉರೀತೇನೋ ನಿನಗ" ಎಂದರು. ಮತ್ತೆಂದೂ ಅವರ ಮನೆಯಲ್ಲಿ ಕುಡಗೋಲು ಕಾಯಲಿಲ್ಲ. ಕಾಯ್ದೆ ತಪ್ಪೆನ್ನಲಾರೆ, ಎತ್ತು ಒರಲಿದ್ದು ನಾನೂ ಕೇಳಿದ್ದೆ. ಚಾಚಾ ಕಟುಕರೆಂದೂ ಅನ್ನಲಾರೆ.

ಮುಂದೆ ನಿಜಾಮನ ರಾಜ್ಯ ಹೋಗುವ ಗದ್ದಲದಲ್ಲಿ ಮುಸಲ್ಮಾನರ ಮನೆಗಳಿಗೆ ಹೆದರಿಕೆ ಹೊಕ್ಕು ಚಾಚಾ, ಚಾಚಿ ಊರು ಬಿಟ್ಟರು. ಬೇರೆ ಎತ್ತುಗಳು ಗಾಡಿ ಎಳೆಯುತ್ತಿದ್ದವು, ಆ ಎತ್ತು ಹಿಂದೆ ಬರಿಹೆಗಲಲ್ಲಿ ನಡೆಯುತ್ತಿತ್ತು. ಎಲ್ಲಿಗೆ ಮುಟ್ಟಿದರೋ... ಬದುಕಿದ್ದಾರೆಂದು ಯಾರೂ ಬಂದು ಹೇಳಲಿಲ್ಲ, ಸತ್ತರೆಂದೂ ಹೇಳಲಿಲ್ಲ. ಅದನ್ನೂ ಶಿವನ ಕರುಣೆಯೆಂದೇ ಎಣಿಸಿಕೊಂಡು ಬಂದಿದ್ದೇನೆ.

ಸುಟ್ಟ ಕಂಬಳಿ ಹಿಡಿದು ಒಲೆಯ ಮುಂದೆ ಕೂತೇ ಇದ್ದೆ, ಬೇಳೆ ನೆನೆಯಿಟ್ಟಿರಲಿಲ್ಲ. ಎದ್ದು ನೀರು ಹಾಕಿದೆ.